ಪಂಚಾಂಗದೊಳಗೆ ಸಿಕ್ಕ ಡಾಲರು: ಅಮೆರಿಕದ ಷೇರು ದಾವೆಗಳ ರಾಜಿ ಹಣವನ್ನು ಕೇಳಿ ಪಡೆಯುವುದು ಹೇಗೆ

ದೀಪಾವಳಿ ಮುಗಿದ ವಾರ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ತುಮಕೂರಿನ ಅಶೋಕ ರಸ್ತೆಯಲ್ಲಿರುವ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದು, ಒಂದು ದಪ್ಪ ಕಾರ್ಡನ್ನು ಮೇಜಿನ ಮೇಲೆ ಇಟ್ಟರು. "ಯುಗಾದಿಯ ಹೊತ್ತಿಗೆ ಬಂದಿತ್ತಪ್ಪ. ಏನೋ ಜಾಹೀರಾತು ಎಂದುಕೊಂಡು ಪಂಚಾಂಗದಲ್ಲಿ ಗುರುತಿಗೆ ಇಟ್ಟುಕೊಂಡಿದ್ದೆ. ಮೊನ್ನೆ ಮಗ ಬಂದವನು ನೋಡಿ, ಇದು ಕೋರ್ಟಿನ ಕಾಗದ ಎಂದ" ಎಂದರು. ಕಾರ್ಡಿನ ಒಂದು ಮೂಲೆಗೆ ಕುಂಕುಮ ಹತ್ತಿತ್ತು. ಸಣ್ಣ ಅಕ್ಷರಗಳ ಇಂಗ್ಲಿಷಿನಲ್ಲಿ ಅಮೆರಿಕದ ಒಂದು ಜಿಲ್ಲಾ ನ್ಯಾಯಾಲಯದ ಹೆಸರು, ಒಂದು ಮೊಕದ್ದಮೆ ಸಂಖ್ಯೆ, ಕೊನೆಯಲ್ಲಿ ಅರ್ಜಿ ಹಾಕಲು ಕಡೆಯ ದಿನಾಂಕ. ಆ ದಿನಾಂಕ ಕಳೆದು 11 ದಿನಗಳಾಗಿದ್ದವು.

ತೆರಿಗೆ ಸಲಹೆಯ ಕೆಲಸದಲ್ಲಿ ಇಂಥ ಕಾರ್ಡುಗಳನ್ನು ಹತ್ತು ವರ್ಷದ ಹಿಂದೆ ನಾನು ಕಂಡದ್ದೇ ಇಲ್ಲ. ಈಗ ಆಗಾಗ ಕಣ್ಣಿಗೆ ಬೀಳುತ್ತವೆ. ಕಾರಣ ಸರಳ. ಇಲ್ಲಿ ಇಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರು ಬೆಳಗಿನ ರೈಲು ಹಿಡಿದು ಬೆಂಗಳೂರಿನ ಅಮೆರಿಕನ್ ಕಂಪನಿಗಳಿಗೆ ಹೋಗುತ್ತಾರೆ, ಸಂಬಳದ ಜೊತೆ ಅವರಿಗೆ ಕಂಪನಿಯ ಷೇರು ಸಿಗುತ್ತದೆ, ಖಾತೆಯ ವಿಳಾಸಕ್ಕೆ ಊರಿನ ಮನೆಯನ್ನೇ ಕೊಟ್ಟಿರುತ್ತಾರೆ. ಕಾರ್ಡು ಅಪ್ಪನ ಕೈಗೆ ಬರುತ್ತದೆ. ಅಪ್ಪ ಪಂಚಾಂಗದಲ್ಲಿ ಇಡುತ್ತಾರೆ.

ಅಂಥ ಕಾರ್ಡು ಅಥವಾ ಇಮೇಲು ಬಂದವರು ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರುವ ಹಣ ದೊಡ್ಡದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮದೇ ಹಣ, ಕೇಳಲು ಖರ್ಚೂ ಇಲ್ಲ.

ಇದು ಯಾವ ಹಣ?

ಅಮೆರಿಕದ ಷೇರುಪೇಟೆಯಲ್ಲಿರುವ ಕಂಪನಿಯೊಂದು ತನ್ನ ವ್ಯವಹಾರದ ಬಗ್ಗೆ ಸುಳ್ಳು ಹೇಳಿತು, ಅಥವಾ ಹೇಳಬೇಕಾದ್ದನ್ನು ಮುಚ್ಚಿಟ್ಟಿತು ಎಂದುಕೊಳ್ಳಿ. ಸತ್ಯ ಹೊರಬಿದ್ದ ದಿನ ಷೇರು ದಿಢೀರನೆ ಕುಸಿಯುತ್ತದೆ. ನಷ್ಟ ಹೊಂದಿದವರಲ್ಲಿ ಒಬ್ಬರೋ ಇಬ್ಬರೋ ಎಲ್ಲರ ಪರವಾಗಿ ದಾವೆ ಹೂಡುತ್ತಾರೆ. ಅದೇ ಸಾಮೂಹಿಕ ದಾವೆ, ಅಲ್ಲಿಯ ಮಾತಿನಲ್ಲಿ ಕ್ಲಾಸ್ ಆಕ್ಷನ್. 1934ರ ಷೇರು ವಿನಿಮಯ ಕಾಯ್ದೆ ಮತ್ತು 1995ರ ತಿದ್ದುಪಡಿ ಕಾಯ್ದೆ ಇದರ ಬೆನ್ನೆಲುಬು. ವಜಾ ಆಗದೆ ಉಳಿದ ದಾವೆಗಳಲ್ಲಿ ಹೆಚ್ಚಿನವು ತೀರ್ಪಿನವರೆಗೆ ಹೋಗುವುದಿಲ್ಲ. ಕಂಪನಿ "ತಪ್ಪು ಮಾಡಿಲ್ಲ" ಎನ್ನುತ್ತಲೇ ಒಂದು ಮೊತ್ತ ಕೊಟ್ಟು ರಾಜಿ ಮಾಡಿಕೊಳ್ಳುತ್ತದೆ. ವಕೀಲರ ಶುಲ್ಕವನ್ನು ನ್ಯಾಯಾಲಯ ಆ ಮೊತ್ತದಿಂದಲೇ ಕೊಡಿಸುತ್ತದೆ. ಉಳಿದದ್ದು ಷೇರುದಾರರಿಗೆ.

ಇಂಥ ರಾಜಿಗಳಲ್ಲಿ ಅತಿ ದೊಡ್ಡದು ಎನ್ರಾನ್‌ನದು. ದಾಭೋಲ್ ವಿದ್ಯುತ್ ಯೋಜನೆಯ ಕಾಲದಿಂದ ನಮ್ಮವರಿಗೂ ಚೆನ್ನಾಗಿ ಗೊತ್ತಿರುವ ಹೆಸರು. ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು. ಆಮೇಲೆ ಮುಖ್ಯವಾಗಿ ಅದರ ಜೊತೆ ಕೈ ಜೋಡಿಸಿದ್ದ ಬ್ಯಾಂಕುಗಳಿಂದಲೇ ಸುಮಾರು 720 ಕೋಟಿ ಡಾಲರ್ ವಸೂಲಾಯಿತು. ದಿವಾಳಿಯಾದವನ ಹತ್ತಿರ ಏನಿರುತ್ತದೆ ಎಂದು ಕೈಚೆಲ್ಲಬಾರದು ಎಂಬುದಕ್ಕೆ ಇದು ಉದಾಹರಣೆ.

ನಮ್ಮವರು ಎಡವುವ ಜಾಗ ಬೇರೆಯೇ. ದಾವೆಯ ಗುಂಪಿಗೆ ನೀವು ಸೇರಬೇಕಾಗಿಲ್ಲ. ಸುಳ್ಳು ನಡೆದ ಅವಧಿಯಲ್ಲಿ ಷೇರು ಕೊಂಡಿದ್ದರೆ ಆಗಲೇ ಸೇರಿರುತ್ತೀರಿ. ಬೇಡವೆಂದರೆ ಬರೆದು ಕೊಟ್ಟು ಹೊರಬರಬೇಕು. ಆದರೆ ಗುಂಪಿನಲ್ಲಿ ಇದ್ದ ಮಾತ್ರಕ್ಕೆ ಹಣ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆಯಾಗಿ ಕ್ಲೇಮ್ ಅರ್ಜಿ ಹಾಕಬೇಕು. ಏನೂ ಮಾಡದೆ ಸುಮ್ಮನಿದ್ದವರಿಗೆ ಎರಡು ಕಡೆಯಿಂದಲೂ ನಷ್ಟ: ಹಣವೂ ಇಲ್ಲ, ಅದೇ ವಿಷಯಕ್ಕೆ ಮುಂದೆ ದಾವೆ ಹೂಡುವ ಹಕ್ಕೂ ಇಲ್ಲ.

ನಿಮಗೆ ಅನ್ವಯಿಸುತ್ತದೆಯೇ?

ನಮ್ಮ ಕಡೆ ಮೂರು ಬಗೆಯವರಿಗೆ ಇದು ತಟ್ಟುತ್ತದೆ. ಕಂಪನಿಯಿಂದ ಷೇರು ಪಡೆದ ನೌಕರರು ಮೊದಲನೆಯವರು. ಮೊಬೈಲ್ ಆಪ್ ಮೂಲಕ ಡಾಲರ್ ಕಳಿಸಿ ಅಮೆರಿಕದ ಷೇರು ಕೊಂಡವರು ಎರಡನೆಯವರು. ರಿಸರ್ವ್ ಬ್ಯಾಂಕ್ ಇದಕ್ಕೆ ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಅವಕಾಶ ಕೊಟ್ಟಿದೆ. ಭಾರತದ ಕಂಪನಿಗಳ ಷೇರಿಗೆ ಬದಲಾಗಿ ನ್ಯೂಯಾರ್ಕಿನಲ್ಲಿ ಮಾರಾಟವಾಗುವ ಪತ್ರಗಳನ್ನು, ಅಂದರೆ ಎಡಿಆರ್‌ಗಳನ್ನು, ಅಲ್ಲಿಯ ಖಾತೆಯಿಂದ ಕೊಂಡವರು ಮೂರನೆಯವರು. ಇವರಲ್ಲಿ ಹೆಚ್ಚಿನವರು ಹಿಂದೆ ಅಲ್ಲಿದ್ದು ಊರಿಗೆ ಮರಳಿದವರು.

ಅಮೆರಿಕದ ಷೇರುಗಳಲ್ಲಿ ಹಣ ಹಾಕುವ ಭಾರತದ ಮ್ಯೂಚುವಲ್ ಫಂಡ್ ನಿಮ್ಮಲ್ಲಿದ್ದರೆ ನೀವು ಮಾಡುವುದೇನೂ ಇಲ್ಲ. ಷೇರಿನ ಒಡೆತನ ಫಂಡಿನದು, ಕ್ಲೇಮ್ ಹಾಕಬೇಕಾದದ್ದೂ ಫಂಡೇ.

ಎಡಿಆರ್ ಇರುವ ಭಾರತದ ಕಂಪನಿಯ ಷೇರನ್ನೇ ಮುಂಬೈ ಷೇರುಪೇಟೆಯಲ್ಲಿ ಕೊಂಡಿದ್ದರೆ? ಆಗ ಇಲ್ಲ. 2010ರಲ್ಲಿ ಮಾರಿಸನ್ ಮತ್ತು ನ್ಯಾಷನಲ್ ಆಸ್ಟ್ರೇಲಿಯಾ ಬ್ಯಾಂಕ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗೆರೆ ಎಳೆದುಬಿಟ್ಟಿತು: ಅಲ್ಲಿಯ ಷೇರುಪೇಟೆಯಲ್ಲಿ ಅಥವಾ ಆ ದೇಶದೊಳಗೆ ನಡೆದ ಖರೀದಿಗೆ ಮಾತ್ರ ಈ ಕಾಯ್ದೆಯ ರಕ್ಷಣೆ. ಈ ಗೆರೆಯ ಬೆಲೆ ಏನೆಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಪ್ರಕರಣ ನೋಡಿದರೆ ತಿಳಿಯುತ್ತದೆ. 2009ರ ಜನವರಿ 7ರಂದು, ಲೆಕ್ಕದಲ್ಲಿ ಮೋಸ ನಡೆದಿದೆ ಎಂದು ಒಪ್ಪಿಕೊಂಡ ಅದರ ಅಧ್ಯಕ್ಷ ರಾಮಲಿಂಗರಾಜು ಅವರ ಪತ್ರ ಹೊರಬಿದ್ದು ಷೇರು ಒಂದೇ ದಿನ ಮುಕ್ಕಾಲು ಪಾಲು ಕಳೆದುಕೊಂಡಿತು. ಅಮೆರಿಕದಲ್ಲಿ ನಡೆದ ದಾವೆ 2011ರಲ್ಲಿ ಕಂಪನಿಯಿಂದ 12.5 ಕೋಟಿ ಡಾಲರಿಗೆ, ಲೆಕ್ಕಪರಿಶೋಧನೆ ಮಾಡಿದ ಪ್ರೈಸ್‌ವಾಟರ್‌ಹೌಸ್ ಕಡೆಯಿಂದ 2.55 ಕೋಟಿ ಡಾಲರಿಗೆ ರಾಜಿಯಾಯಿತು. ಇಲ್ಲಿಯ ಷೇರುದಾರರ ಪರವಾಗಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದ ದೂರು ಅಲ್ಲೂ ನಿಲ್ಲಲಿಲ್ಲ, ಸುಪ್ರೀಂ ಕೋರ್ಟಿನಲ್ಲೂ ನಿಲ್ಲಲಿಲ್ಲ. ಒಂದೇ ಮೋಸ, ಒಂದೇ ಕಂಪನಿ. ಕೊಂಡ ಅಂಗಡಿ ಮಾತ್ರ ಬೇರೆ. ಔಷಧ ಕಂಪನಿ ಡಾ. ರೆಡ್ಡೀಸ್ 2020ರಲ್ಲಿ 90 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಾಗಲೂ ಅದು ಅಮೆರಿಕದಲ್ಲಿ ಹೂಡಿದ ದಾವೆಗಷ್ಟೇ ಸೀಮಿತವಾಗಿತ್ತು.

ಮೊದಲ ಕೆಲಸ: ಕಾಗದ ನಿಜವೋ ಸುಳ್ಳೋ ನೋಡಿ

ಕಾಗದಗಳಲ್ಲಿ ಎರಡು ಬಗೆ, ಎರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಷೇರು ಬಿದ್ದ ವಾರದಲ್ಲೇ ಅಮೆರಿಕದ ವಕೀಲರ ಸಂಸ್ಥೆಗಳು "ನಷ್ಟವಾಗಿದೆಯೇ? ಕೂಡಲೇ ಸಂಪರ್ಕಿಸಿ, 60 ದಿನಗಳ ಗಡುವು" ಎಂದು ಪ್ರಕಟಣೆಗಳನ್ನು ಹೊರಡಿಸುತ್ತವೆ. ಆ 60 ದಿನ ದಾವೆಯನ್ನು ಮುನ್ನಡೆಸುವ ಮುಖ್ಯ ಅರ್ಜಿದಾರರು ಯಾರಾಗಬೇಕು ಎಂಬುದಕ್ಕೆ ಸಂಬಂಧಿಸಿದ್ದು, ಲಕ್ಷಾಂತರ ಡಾಲರ್ ಕಳೆದುಕೊಂಡವರ ವಿಷಯ. 30 ಷೇರು ಇಟ್ಟುಕೊಂಡವರು ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮಗೆ ಬೇಕಾದದ್ದು ಎರಡನೆಯ ಬಗೆ, ರಾಜಿಯಾದ ಮೇಲೆ ನ್ಯಾಯಾಲಯದ ಅಪ್ಪಣೆಯಂತೆ ಹೊರಡುವ ನೋಟಿಸು. ಇವೆರಡರ ನಡುವೆ ಮೂರು, ನಾಲ್ಕು, ಕೆಲವೊಮ್ಮೆ ಆರು ವರ್ಷಗಳೂ ಕಳೆದಿರುತ್ತವೆ.

ನಿಜವಾದ ನೋಟಿಸಿನಲ್ಲಿ ನ್ಯಾಯಾಲಯದ ಹೆಸರು, ಮೊಕದ್ದಮೆ ಸಂಖ್ಯೆ, ದಾವೆಯ ಅವಧಿ, ರಾಜಿಯ ಮೊತ್ತ, ಹೊರಬರಲು ಒಂದು ದಿನಾಂಕ, ಆಕ್ಷೇಪಿಸಲು ಒಂದು ದಿನಾಂಕ, ಅರ್ಜಿಗೆ ಕಡೆಯ ದಿನಾಂಕ ಇರುತ್ತವೆ. ಹಂಚಿಕೆಯ ಹೊಣೆ ಹೊತ್ತ ಸಂಸ್ಥೆಯ ಹೆಸರೂ ಇರುತ್ತದೆ. ಎಪಿಕ್, ಎ.ಬಿ. ಡೇಟಾ, ಜೆಎನ್‌ಡಿ, ಸ್ಟ್ರ್ಯಾಟಜಿಕ್ ಕ್ಲೇಮ್ಸ್ ಸರ್ವೀಸಸ್ ಇಂಥ ಕೆಲಸ ಮಾಡುವ ಸಂಸ್ಥೆಗಳು. ಇಮೇಲಿನಲ್ಲಿರುವ ಕೊಂಡಿಯನ್ನು ಒತ್ತಬೇಡಿ. ಕಂಪನಿಯ ಹೆಸರನ್ನು ಸ್ಟ್ಯಾನ್‌ಫೋರ್ಡ್ ಕಾನೂನು ಶಾಲೆ ನಡೆಸುವ ಷೇರು ದಾವೆಗಳ ದತ್ತಾಂಶ ತಾಣದಲ್ಲಿ ನೀವೇ ಹುಡುಕಿ, ಮೊಕದ್ದಮೆ ಸಂಖ್ಯೆಯನ್ನು ತಾಳೆ ನೋಡಿ. ಹುಡುಕಲು ಹಣ ಕೊಡಬೇಕಾಗಿಲ್ಲ, ಐದು ನಿಮಿಷ ಸಾಕು.

ಯಾರಾದರೂ ಫೋನ್ ಮಾಡಿ "ನಿಮ್ಮ ಹೆಸರಿಗೆ ಇಷ್ಟು ಡಾಲರ್ ಬಂದಿದೆ, ಸಂಸ್ಕರಣಾ ಶುಲ್ಕ ಕಟ್ಟಿ" ಎಂದರೆ ಫೋನ್ ಇಡಿ. ಅರ್ಜಿಗೆ ಶುಲ್ಕ ಇಲ್ಲ, ಆಧಾರ್ ಒಟಿಪಿ ಕೇಳುವ ಪ್ರಶ್ನೆಯೇ ಇಲ್ಲ. ಬರುವ ಹಣದಲ್ಲಿ ಪಾಲು ಪಡೆದು ಅರ್ಜಿ ತುಂಬಿಕೊಡುವ ಸಂಸ್ಥೆಗಳು ಇವೆ, ಅವು ಮೋಸದವೇನಲ್ಲ. ನೂರಾರು ಖಾತೆಗಳಿರುವ ದೊಡ್ಡ ಹೂಡಿಕೆದಾರರಿಗೆ ಅವು ಬೇಕು. ನಮ್ಮ ಲೆಕ್ಕಕ್ಕೆ ಮೀನಿಗಿಂತ ಗಾಳದ ಬೆಲೆಯೇ ಹೆಚ್ಚಾಗುತ್ತದೆ.

ಎರಡನೆಯದು: ದಿನಾಂಕ ನೋಡಿ

ದಾವೆಯ ಅವಧಿ ಎಂದರೆ ಸುಳ್ಳು ಶುರುವಾದ ದಿನದಿಂದ ಸತ್ಯ ಹೊರಬಿದ್ದ ದಿನದವರೆಗೆ. ಆ ಕಿಟಕಿಯೊಳಗೆ ಕೊಂಡಿರಬೇಕು. ಕಿಟಕಿ ಕೆಲವೊಮ್ಮೆ ಐದು ವರ್ಷದಷ್ಟು ಅಗಲ, ಕೆಲವೊಮ್ಮೆ ಬಹಳ ಕಿರಿದು. 2024ರಲ್ಲಿ ಆಪಲ್ 49 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು, ತಪ್ಪು ಒಪ್ಪಿಕೊಳ್ಳದೆ. ಚೀನಾದಲ್ಲಿ ಐಫೋನ್ ಮಾರಾಟದ ಬಗ್ಗೆ ಹೂಡಿಕೆದಾರರನ್ನು ತಪ್ಪುದಾರಿಗೆ ಎಳೆದರು ಎಂಬುದು ಆರೋಪ. ಅದರ ಕಿಟಕಿ 2018ರ ನವೆಂಬರ್ 2ರಿಂದ 2019ರ ಜನವರಿ 2, ಬರೀ ಎರಡು ತಿಂಗಳು. 2018ರ ಅಕ್ಟೋಬರಿನಲ್ಲಿ ಕೊಂಡು ಜನವರಿಯ ಕುಸಿತದಲ್ಲಿ ನಷ್ಟ ಹೊಂದಿದವರಿಗೆ ಇದರಲ್ಲಿ ಪಾಲಿಲ್ಲ. ಅವರು ಕೊಂಡಾಗ ಆ ಮಾತನ್ನು ಯಾರೂ ಇನ್ನೂ ಆಡಿರಲಿಲ್ಲ ಎಂಬುದು ತರ್ಕ.

ನೌಕರರಿಗೆ ಇಲ್ಲಿ ಇನ್ನೊಂದು ತೊಡಕು ಇದೆ. ಸಂಬಳದಿಂದ ಹಣ ಹಿಡಿಸಿ ರಿಯಾಯಿತಿ ದರದಲ್ಲಿ ಕೊಂಡ ಷೇರು, ಅಂದರೆ ಇಎಸ್‌ಪಿಪಿ, ಖರೀದಿಯೇ. ಕಂಪನಿ ಪುಕ್ಕಟೆಯಾಗಿ ಕೊಟ್ಟ ಷೇರು, ಅಂದರೆ ಆರ್‌ಎಸ್‌ಯು, ವಿಷಯದಲ್ಲಿ ಒಂದೊಂದು ರಾಜಿಯ ನಿಯಮ ಒಂದೊಂದು ಥರ. ಉಡುಗೊರೆಯಾಗಿ ಅಥವಾ ವಾರಸುದಾರಿಕೆಯಿಂದ ಬಂದ ಷೇರನ್ನು ಹೆಚ್ಚಿನವು ಖರೀದಿ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಟ್ಟವರು ಅದೇ ಅವಧಿಯಲ್ಲಿ ಕೊಂಡಿದ್ದರೆ ಮಾತು ಬೇರೆ. ಕಂಪನಿಯ ನಿರ್ದೇಶಕರು, ಉನ್ನತ ಅಧಿಕಾರಿಗಳು, ಅವರ ಹತ್ತಿರದ ಕುಟುಂಬದವರು ಗುಂಪಿನಿಂದ ಹೊರಗೆ. ಇದನ್ನೆಲ್ಲ ಕಾರ್ಡಿನಲ್ಲಿ ಬರೆದಿರುವುದಿಲ್ಲ. ರಾಜಿಗಾಗಿಯೇ ತೆರೆದ ಜಾಲತಾಣದಲ್ಲಿ ದೀರ್ಘ ನೋಟಿಸು ಇರುತ್ತದೆ, ಅದರ ಕೊನೆಯಲ್ಲಿರುವ ಹಂಚಿಕೆ ಯೋಜನೆಯನ್ನು ಓದಬೇಕು. ಓದಲು ತಲೆನೋವು, ಆದರೂ ಓದಬೇಕು.

ಮೂರನೆಯದು: ಕಾಗದಪತ್ರ

ನನ್ನ ಅನುಭವದಲ್ಲಿ ಅರ್ಜಿಗಳು ಸಾಯುವುದು ಇಲ್ಲಿಯೇ. ಬೇಕಾದದ್ದು ನಾಲ್ಕು ಅಂಕಿಗಳು: ಅವಧಿ ಶುರುವಾದ ದಿನ ನಿಮ್ಮಲ್ಲಿ ಎಷ್ಟು ಷೇರು ಇತ್ತು, ಅವಧಿಯೊಳಗೆ ಯಾವ ಯಾವ ದಿನ ಎಷ್ಟೆಷ್ಟು ಯಾವ ದರಕ್ಕೆ ಕೊಂಡಿರಿ, ಯಾವ ದಿನ ಮಾರಿದಿರಿ, ಕೊನೆಗೆ ಎಷ್ಟು ಉಳಿಯಿತು. ಈ "ಕೊನೆ" ಅವಧಿ ಮುಗಿದ ದಿನವಲ್ಲ. ಅದರ ನಂತರದ ಸುಮಾರು 90 ದಿನಗಳ ವ್ಯವಹಾರವನ್ನೂ ಕೇಳುತ್ತಾರೆ, ಏಕೆಂದರೆ ಕುಸಿದ ಷೇರು ಆ ಮೂರು ತಿಂಗಳಲ್ಲಿ ಸರಾಸರಿ ಎಷ್ಟಕ್ಕೆ ನಿಂತಿತು ಎಂಬುದರ ಮೇಲೆ 1995ರ ಕಾಯ್ದೆ ನಷ್ಟಕ್ಕೆ ಮಿತಿ ಹಾಕಿದೆ.

ಪ್ರತಿ ಅಂಕಿಗೂ ಬ್ರೋಕರಿನ ದಾಖಲೆ ಬೇಕು. ಮಾಸಿಕ ಸ್ಟೇಟ್‌ಮೆಂಟ್, ಖರೀದಿಯ ದೃಢೀಕರಣ ಪತ್ರ, ಅಥವಾ ಬ್ರೋಕರು ತನ್ನ ಲೆಟರ್‌ಹೆಡ್ಡಿನಲ್ಲಿ ಕೊಟ್ಟ ಪಟ್ಟಿ. ನೀವೇ ಎಕ್ಸೆಲ್‌ನಲ್ಲಿ ಬರೆದ ಲೆಕ್ಕ ನಡೆಯುವುದಿಲ್ಲ, ಹೆಸರು ಕಾಣದ ಮೊಬೈಲ್ ಪರದೆಯ ಚಿತ್ರವೂ ನಡೆಯುವುದಿಲ್ಲ. ಮೇಷ್ಟ್ರ ಮಗ ಮೊದಲು ಕಳಿಸಿದ್ದು ಅದನ್ನೇ, ಆಪ್‌ನ ಪರದೆಯ ಏಳು ಚಿತ್ರ, ಒಂದರಲ್ಲಿ ಬ್ಯಾಟರಿ ಮೂರು ಪ್ರತಿಶತ ಉಳಿದಿರುವುದೂ ಕಾಣುತ್ತಿತ್ತು. ಕೊನೆಗೆ ಅವನ ಹಳೆಯ ಕಂಪನಿಯ ಷೇರು ಖಾತೆಗೆ ಲಾಗಿನ್ ಆಗಲು ಮುರಿದುಹೋದ ಫೋನಿನ ಹಳೆಯ ನಂಬರೇ ಬೇಕಾಯಿತು. ನಂಬರ್ ಬದಲಿಸಲು ಎರಡು ವಾರ ಹಿಡಿಯಿತು. ಆಮೇಲೆ ಸಿಕ್ಕಿತು ನೋಡಿ, ವರ್ಷಾವಾರು ಅಚ್ಚುಕಟ್ಟಾದ ಪಿಡಿಎಫ್.

ಆದ್ದರಿಂದ ಕಂಪನಿ ಬಿಡುವ ಮೊದಲು, ಆಪ್ ಬದಲಿಸುವ ಮೊದಲು, ಎಲ್ಲ ವರ್ಷಗಳ ಸ್ಟೇಟ್‌ಮೆಂಟನ್ನೂ ಇಳಿಸಿಕೊಂಡು ಒಂದು ಪೆನ್ ಡ್ರೈವಿನಲ್ಲಿ ಹಾಕಿಡಿ. ಖಾತೆಯ ಇಮೇಲಿಗೆ ಕಚೇರಿಯ ವಿಳಾಸ ಕೊಟ್ಟಿದ್ದರೆ ಇವತ್ತೇ ಸ್ವಂತದ್ದಕ್ಕೆ ಬದಲಿಸಿ. ಇಲ್ಲಿಯ ಆಪ್‌ಗಳು ಷೇರನ್ನು ಅಮೆರಿಕದ ಬ್ರೋಕರಿನ ಮೂಲಕ ಇಡುತ್ತವೆ. ನೋಟಿಸು ಮೊದಲು ಹೋಗುವುದು ಆ ಬ್ರೋಕರಿಗೆ, ಅಲ್ಲಿಂದ ನಿಮಗೆ. ನಡುವೆ ಅದು ಜಂಕ್ ಇಮೇಲಿನ ಪೆಟ್ಟಿಗೆಗೆ ಬೀಳುವುದು ಮಾಮೂಲು.

ಖಾತೆದಾರರು ತೀರಿಕೊಂಡಿದ್ದರೆ ವಾರಸುದಾರರು ಅರ್ಜಿ ಹಾಕಬಹುದು. ಮರಣ ಪತ್ರದ ಜೊತೆಗೆ ಅವರ ಪರವಾಗಿ ಸಹಿ ಹಾಕುವ ಅಧಿಕಾರ ನಿಮಗಿದೆ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ನಮ್ಮ ಮರಣ ಪತ್ರದಲ್ಲಿ ಇಂಗ್ಲಿಷೂ ಇರುತ್ತದೆ, ಚಿಂತೆಯಿಲ್ಲ. ನಾಡಕಚೇರಿಯ ವಂಶವೃಕ್ಷ ಕನ್ನಡದ್ದು. ಅದನ್ನು ಅನುವಾದ ಮಾಡಿಸಿ ನೋಟರಿಯ ಸಹಿ ಹಾಕಿಸಿ ಇಟ್ಟುಕೊಳ್ಳಿ.

ನಾಲ್ಕನೆಯದು: ಎಷ್ಟು ಬರಬಹುದು?

"ನಾನು 62 ಡಾಲರಿಗೆ ಕೊಂಡೆ, ಈಗ 41, ಷೇರಿಗೆ 21 ಡಾಲರ್ ಬರಬೇಕಲ್ಲ" ಎನ್ನುತ್ತಾರೆ. ಹಾಗಲ್ಲ. ಕೋಲಾರದ ಎಪಿಎಂಸಿಯಲ್ಲಿ ಒಂದು ಬಾಕ್ಸ್ ಟೊಮೆಟೊ ಕೊಂಡಿರಿ ಎಂದುಕೊಳ್ಳಿ. ಮೇಲಿನ ಪದರ ಕೆಂಪಗೆ ಗಟ್ಟಿ, ಕೆಳಗೆಲ್ಲ ಕೊಳೆತದ್ದು. 600 ಕೊಟ್ಟಿರಿ, ಕೊಳೆತದ್ದು ಗೊತ್ತಿದ್ದರೆ ಅದು 400ರ ಮಾಲು. ಮೋಸದಿಂದ ಆದ ನಷ್ಟ 200. ಮರುದಿನ ಮಳೆ ಬಂದು ಲಾರಿ ನಿಂತು ಮಾರುಕಟ್ಟೆಯೇ 300ಕ್ಕೆ ಇಳಿದರೆ ಆ ಇಳಿತಕ್ಕೆ ಮಾರಿದವನು ಹೊಣೆಯಲ್ಲ. ಇನ್ನು, ಕೆಳಗಿನ ಪದರ ಯಾರೂ ನೋಡುವ ಮೊದಲೇ ನೀವು ಅದೇ ಬಾಕ್ಸನ್ನು ಮತ್ತೊಬ್ಬರಿಗೆ 600ಕ್ಕೆ ದಾಟಿಸಿದ್ದರೆ ನಿಮಗೆ ನಷ್ಟವೇ ಇಲ್ಲ.

ಹಂಚಿಕೆ ಯೋಜನೆ ಮಾಡುವುದೂ ಇದನ್ನೇ. ಸುಳ್ಳಿನಿಂದ ಷೇರಿನ ಬೆಲೆ ಎಷ್ಟು ಉಬ್ಬಿತ್ತು ಎಂದು ತಜ್ಞರು ಲೆಕ್ಕ ಹಾಕಿ ದಿನಾಂಕವಾರು ಕೋಷ್ಟಕ ಕೊಡುತ್ತಾರೆ. ಒಂದು ಕಾಲ್ಪನಿಕ ಲೆಕ್ಕ ನೋಡಿ: 62 ಡಾಲರಿಗೆ 40 ಷೇರು ಕೊಂಡಿರಿ, ಸತ್ಯ ಹೊರಬೀಳುವ ಮೊದಲೇ 15 ಮಾರಿದಿರಿ, 25 ಉಳಿದವು. ಉಬ್ಬು ಷೇರಿಗೆ 9 ಡಾಲರ್ ಎಂದಿದ್ದರೆ ಮಾರಿದ 15ಕ್ಕೆ ಸೊನ್ನೆ, ಉಳಿದ 25ಕ್ಕೆ 225 ಡಾಲರ್. ಇದು ಒಪ್ಪಿದ ನಷ್ಟ, ಕೈಗೆ ಬರುವ ಹಣವಲ್ಲ. ಎಲ್ಲ ಅರ್ಜಿದಾರರ ಒಪ್ಪಿದ ನಷ್ಟ ಸೇರಿ 100 ಕೋಟಿ ಡಾಲರ್ ಆಗಿ, ಖರ್ಚು ಕಳೆದು ನಿಧಿಯಲ್ಲಿ 20 ಕೋಟಿ ಮಾತ್ರ ಉಳಿದಿದ್ದರೆ ರೂಪಾಯಿಗೆ 20 ಪೈಸೆಯಂತೆ ನಿಮಗೆ 45 ಡಾಲರ್. ನಮ್ಮ ಹಣದಲ್ಲಿ ನಾಲ್ಕು ಸಾವಿರದ ಆಸುಪಾಸು. ದಿವಾಳಿ ಎದ್ದ ಮಂಡಿ ವರ್ತಕನ ಆಸ್ತಿಯನ್ನು ಕೊಬ್ಬರಿ ಬೆಳೆಗಾರರು ಹಂಚಿಕೊಂಡ ಹಾಗೆ.

ಲೆಕ್ಕಕ್ಕೆ 10 ಡಾಲರಿಗಿಂತ ಕಡಿಮೆ ಬಂದರೆ ಹೆಚ್ಚಿನ ಯೋಜನೆಗಳಲ್ಲಿ ಏನೂ ಕೊಡುವುದಿಲ್ಲ. ಹಾಗಾಗಿ ಎರಡೋ ಮೂರೋ ಷೇರು ಇದ್ದವರು ಸಮಯ ಹಾಳು ಮಾಡಿಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. 20 ಷೇರು ದಾಟಿದ್ದರೆ ಹಾಕಿ.

ಐದನೆಯದು: ಅರ್ಜಿ

ರಾಜಿಯ ಜಾಲತಾಣದಲ್ಲೇ ತುಂಬುವುದು ಒಳ್ಳೆಯದು. ಹೆಸರು ಷೇರು ಖಾತೆಯಲ್ಲಿ ಇದ್ದಂತೆಯೇ ಇರಲಿ, ತಂದೆಯ ಹೆಸರು ಮುಂದೋ ಹಿಂದೋ ಎಂಬ ನಮ್ಮ ಎಂದಿನ ಗೊಂದಲ ಅಲ್ಲಿ ಬೇಡ. ಜಂಟಿ ಖಾತೆಯಾದರೆ ಇಬ್ಬರೂ ಸಹಿ ಮಾಡಬೇಕು. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಕೇಳುವ ಜಾಗ ಬರುತ್ತದೆ. ಅದು ಇಲ್ಲದವರು ಬಾಯಿಗೆ ಬಂದದ್ದನ್ನು ತುಂಬದೆ, ಹಂಚಿಕೆ ಸಂಸ್ಥೆಗೆ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಜೋಪಾನ ಮಾಡಿ. ನೀವು ಅಮೆರಿಕದ ನಿವಾಸಿಯಲ್ಲ ಎಂಬುದಕ್ಕೆ ಡಬ್ಲ್ಯೂ-8ಬೆನ್ ಎಂಬ ನಮೂನೆಯನ್ನು ಕೇಳಬಹುದು. ಷೇರು ಖಾತೆ ತೆರೆಯುವಾಗ ಒಮ್ಮೆ ಇದನ್ನು ತುಂಬಿರುತ್ತೀರಿ. ಸಹಿಯ ಮೇಲಿನ ಸಾಲುಗಳನ್ನು ಓದಿ: ಸುಳ್ಳು ಹೇಳಿದರೆ ಅಮೆರಿಕದ ಕಾನೂನಿನಂತೆ ಶಿಕ್ಷೆ ಎಂದಿರುತ್ತದೆ, ಈ ವಿಷಯಕ್ಕೆ ಕಂಪನಿಯ ಮೇಲೆ ಇನ್ನು ದಾವೆ ಹೂಡುವುದಿಲ್ಲ ಎಂದೂ ಇರುತ್ತದೆ.

ಕಡೆಯ ದಿನದ ರಾತ್ರಿ ಅಲ್ಲಿ ಮುಗಿಯುವ ಹೊತ್ತಿಗೆ ನಮಗೆ ಮರುದಿನದ ಬೆಳಗು. ಇದನ್ನು ನೆಚ್ಚಿಕೊಂಡು ಕೂರಬೇಡಿ. ಅಂಚೆಯಲ್ಲಿ ಕಳಿಸುವುದಾದರೆ ಮುದ್ರೆಯ ದಿನಾಂಕ ಲೆಕ್ಕವೋ ತಲುಪುವ ದಿನಾಂಕ ಲೆಕ್ಕವೋ ಎಂದು ನೋಟಿಸಿನಲ್ಲಿ ನೋಡಿ.

ದಿನಾಂಕ ದಾಟಿದ್ದರೆ? ಮೇಷ್ಟ್ರ ಮಗನದು ದಾಟಿತ್ತು. ಹಂಚಿಕೆ ಇನ್ನೂ ಶುರುವಾಗಿರದಿದ್ದರೆ ತಡವಾದ ಅರ್ಜಿಯನ್ನೂ ಒಪ್ಪುವ ವಿವೇಚನೆ ಸಾಮಾನ್ಯವಾಗಿ ಉಂಟು, ಹಕ್ಕಲ್ಲ. ತಡಕ್ಕೆ ಕಾರಣ ಬರೆದು ಹಾಕಿಸಿದೆ. ಪಂಚಾಂಗದ ವಿಷಯ ಬರೆಯಲಿಲ್ಲ, "ನೋಟಿಸು ಹಳೆಯ ವಿಳಾಸಕ್ಕೆ ಹೋಗಿತ್ತು" ಎಂದಷ್ಟೇ ಬರೆಸಿದೆ, ಅದು ನಿಜವೂ ಹೌದು. ಎರಡು ತಿಂಗಳ ಮೇಲೆ ಒಂದು ಖರೀದಿಗೆ ದಾಖಲೆ ಇಲ್ಲವೆಂದು ಕೊರತೆಯ ಪತ್ರ ಬಂತು. ಇಂಥ ಪತ್ರಕ್ಕೆ ಉತ್ತರಿಸಲು 20 ದಿನಗಳಷ್ಟೇ ಸಮಯ ಇರುವುದು ಸಾಮಾನ್ಯ. ಅರ್ಜಿ ಹಾಕಿ ಮರೆತವರು ಮತ್ತೆ ಎಡವುವುದು ಇಲ್ಲಿಯೇ.

ಆಮೇಲೆ ಕಾಯುವುದು. ವರ್ಷ, ಒಂದೂವರೆ ವರ್ಷ. ಕೊನೆಗೆ ಅವನಿಗೆ 31 ಡಾಲರಿನ ಚೆಕ್ ಬಂತು. ಅದನ್ನು ಹಿಡಿದು ಹೋದ ಶಾಖೆಯಲ್ಲಿ ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ ನೋಡಿ, ವಿದೇಶಿ ಚೆಕ್ ನಾವು ತೆಗೆದುಕೊಳ್ಳುವುದಿಲ್ಲ ಎಂದರು. ಇನ್ನೊಂದು ಬ್ಯಾಂಕು ತೆಗೆದುಕೊಂಡಿತು, ವಸೂಲಿ ಶುಲ್ಕವಾಗಿ ದೊಡ್ಡ ತುಂಡನ್ನೇ ಮುರಿದುಕೊಂಡಿತು. ಅರ್ಜಿಯಲ್ಲಿ ಬ್ಯಾಂಕ್ ವರ್ಗಾವಣೆಯ ಅಥವಾ ಬೇರೆ ಡಿಜಿಟಲ್ ಪಾವತಿಯ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಚೆಕ್ಕೇ ಬಂದರೆ ಅದರ ಮೇಲಿನ ಗಡುವು ನೋಡಿ. 90 ದಿನ ಕಳೆದರೆ ಅದು ಬರೀ ಕಾಗದ ಎಂದು ಹಲವದರ ಮೇಲೆ ಅಚ್ಚಾಗಿರುತ್ತದೆ.

ತೆರಿಗೆಯ ಮಾತು ಎರಡೇ ಸಾಲು. ವಿದೇಶಿ ಷೇರು ಇರುವ ನಿವಾಸಿಗಳು ಐಟಿಆರ್-1 ಹಾಕುವಂತಿಲ್ಲ, ವಿದೇಶಿ ಆಸ್ತಿಯ ಎಫ್‌ಎ ಅನುಸೂಚಿ ಇರುವ ನಮೂನೆಯಲ್ಲೇ ತೋರಿಸಬೇಕು. ಬಂದ ಹಣ ಯಾವ ಶೀರ್ಷಿಕೆಗೆ ಹೋಗುತ್ತದೆ ಎಂಬುದು ಷೇರು ನಿಮ್ಮಲ್ಲಿ ಇನ್ನೂ ಇದೆಯೇ ಇಲ್ಲವೇ ಎಂಬುದರ ಮೇಲೂ ನಿಂತಿರುವುದರಿಂದ, ಪೂರ್ತಿ ಕಡತವನ್ನು ನಿಮ್ಮ ಲೆಕ್ಕಪರಿಶೋಧಕರ ಮುಂದಿಟ್ಟು ಕೇಳಿ.

ಇಲ್ಲಿಯೇ ಕಳೆದುಕೊಂಡವರಿಗೆ

ಇಷ್ಟು ಓದಿದವರಲ್ಲಿ ಹೆಚ್ಚಿನವರ ಪ್ರಶ್ನೆ ನನಗೆ ಗೊತ್ತು: ಅಮೆರಿಕ ಇರಲಿ, ನಮ್ಮ ಹಣ ಹೋದದ್ದು ಇಲ್ಲಿ.

ನಮ್ಮಲ್ಲೂ ಸಾಮೂಹಿಕ ಅರ್ಜಿಗೆ ದಾರಿ ಇದೆ. ಸತ್ಯಂ ಹಗರಣದ ಪಾಠದಿಂದ ಬಂದದ್ದು 2013ರ ಕಂಪನಿ ಕಾಯ್ದೆಯ 245ನೇ ವಿಧಿ, ಜಾರಿಯಾದದ್ದು 2016ರ ಜೂನ್‌ನಲ್ಲಿ. ಅರ್ಜಿ ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ. ಅದರ ಪೀಠ ಬೆಂಗಳೂರಿನಲ್ಲಿ ಇದೆ. ಆದರೆ ಕಂಪನಿಯ ನೋಂದಾಯಿತ ಕಚೇರಿ ಯಾವ ರಾಜ್ಯದಲ್ಲಿದೆಯೋ ಅಲ್ಲಿಯ ಪೀಠಕ್ಕೆ ಹೋಗಬೇಕು. ಒಬ್ಬಿಬ್ಬರಿಂದ ಆಗುವ ಕೆಲಸ ಅಲ್ಲ. 2019ರ ನಿಯಮದಂತೆ 100 ಷೇರುದಾರರು, ಅಥವಾ ಒಟ್ಟು ಷೇರುದಾರರಲ್ಲಿ ನೂರಕ್ಕೆ ಐದು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬೇಕು. ಇಲ್ಲವೇ ಷೇರುಪೇಟೆಯಲ್ಲಿರುವ ಕಂಪನಿಯಾದರೆ ಶೇಕಡಾ 2ರಷ್ಟು ಷೇರು ಹೊಂದಿದವರು ಬೇಕು. ಲೆಕ್ಕಪರಿಶೋಧಕರಿಂದಲೂ ಪರಿಹಾರ ಕೇಳಬಹುದು ಎಂಬುದು ಇದರ ಬಲ. ಬ್ಯಾಂಕುಗಳಿಗೆ ಇದು ಅನ್ವಯಿಸುವುದಿಲ್ಲ ಎಂಬುದು ದೌರ್ಬಲ್ಯ. ಕಾಯ್ದೆ ಹೊಸದಲ್ಲ, ಆದರೂ ಬಳಕೆ ತೀರಾ ವಿರಳ. ಅಮೆರಿಕದಂತೆ ಮನೆಗೆ ಕಾರ್ಡು ಬರುವ ಕಾಲ ಹತ್ತಿರದಲ್ಲಿ ನನಗಂತೂ ಕಾಣುತ್ತಿಲ್ಲ.

ಚೀಟಿ, ಠೇವಣಿ, "ಡಬಲ್ ಮಾಡಿಕೊಡುತ್ತೇವೆ" ಎನ್ನುವ ಸಂಸ್ಥೆಗಳಲ್ಲಿ ಕಳೆದುಕೊಂಡವರಿಗೆ ದಾರಿ ಬೇರೆ. 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಸರ್ಕಾರ ಸಕ್ಷಮ ಪ್ರಾಧಿಕಾರಿಯನ್ನು ನೇಮಿಸುತ್ತದೆ. ಅವರು ಆಸ್ತಿ ಜಪ್ತಿ ಮಾಡಿ, ಕ್ಲೇಮ್ ಅರ್ಜಿ ಕರೆದು, ವಿಶೇಷ ನ್ಯಾಯಾಲಯದ ಮೂಲಕ ಹಂಚುತ್ತಾರೆ. 2019ರಲ್ಲಿ ಕುಸಿದ ಬೆಂಗಳೂರಿನ ಹೂಡಿಕೆ ಸಂಸ್ಥೆ ಐಎಂಎ ಪ್ರಕರಣದಲ್ಲಿ 2020ರ ಕೊನೆಯಲ್ಲಿ ಹೀಗೆಯೇ ಅರ್ಜಿ ಕರೆದರು. ಸಹಾರಾ ಗುಂಪಿನ ನಾಲ್ಕು ಸಹಕಾರ ಸಂಘಗಳ ಠೇವಣಿದಾರರಿಗೆ 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಪೋರ್ಟಲ್ ತೆರೆಯಿತು. ಮೊದಲು ತಲಾ 10 ಸಾವಿರ ಎಂದಿದ್ದ ಮಿತಿ 2024ರಲ್ಲಿ 50 ಸಾವಿರಕ್ಕೆ ಏರಿತು. ಆಧಾರ್‌ಗೆ ಮೊಬೈಲೂ ಬ್ಯಾಂಕ್ ಖಾತೆಯೂ ಜೋಡಣೆಯಾಗಿರಬೇಕು. ಜಮೀನಿನ ಹೆಸರಿನಲ್ಲಿ ಹಣ ಎತ್ತಿದ ಪಿಎಸಿಎಲ್ ಕಂಪನಿಯ ಠೇವಣಿದಾರರ ಮರುಪಾವತಿಯನ್ನು ನ್ಯಾಯಮೂರ್ತಿ ಲೋಧಾ ಸಮಿತಿ ಸಣ್ಣ ಮೊತ್ತದವರಿಂದ ಶುರುಮಾಡಿ ಹಂತ ಹಂತವಾಗಿ ನಡೆಸುತ್ತ ಬಂದಿದೆ. ಷೇರು ಬ್ರೋಕರ್ ಅಥವಾ ಕಂಪನಿಯ ಮೇಲಿನ ದೂರಾದರೆ ಸೆಬಿಯ ಸ್ಕೋರ್ಸ್ ತಾಣ ಇದೆ. 1800 22 7575ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ.

ಇವುಗಳಲ್ಲೂ ಅರ್ಜಿ ನಿಲ್ಲುವುದು ಅಥವಾ ಬೀಳುವುದು ಮೂಲ ಬಾಂಡು, ಪಾಸ್‌ಬುಕ್ಕು, ರಸೀದಿಯ ಮೇಲೆಯೇ. ಹೋದ ತಿಂಗಳು ಮಧುಗಿರಿಯಿಂದ ಹೂವಿನ ವ್ಯಾಪಾರದ ಒಬ್ಬ ಅಮ್ಮ ಬಂದಿದ್ದರು. ಕೈಯಲ್ಲಿ ಇದ್ದದ್ದು ಜೆರಾಕ್ಸ್ ಮಾತ್ರ. ಮೂಲ ಎಲ್ಲಿ ಎಂದರೆ "ಏಜೆಂಟಣ್ಣ ಮುಂದಿನ ಕೆಲಸಕ್ಕೆ ಬೇಕು ಎಂದು ತೆಗೆದುಕೊಂಡಿದ್ದಾನೆ ಸ್ವಾಮಿ" ಎಂದರು. ನಾನು ಬೇರೇನೂ ಬರೆಯಲು ಹೋಗಲಿಲ್ಲ. ಮೊದಲು ಅವನ ಮನೆಗೆ ಹೋಗಿ ಬಾಂಡು ತನ್ನಿ, ಕೊಡದಿದ್ದರೆ ಅಲ್ಲಿಂದಲೇ ನನಗೆ ಫೋನ್ ಮಾಡಿ ಎಂದು ಕಳಿಸಿದೆ. ಮರುದಿನ ಮಧ್ಯಾಹ್ನದ ಬಸ್ಸಿಗೆ ಬಂದರು. ಸೆರಗಿನ ಗಂಟಿನಲ್ಲಿ ನಾಲ್ಕು ಬಾಂಡು, ಅದರಲ್ಲಿ ಒಂದು ಪಕ್ಕದ ಮನೆಯವರದು. ಅದನ್ನೂ ಬಿಡದೆ ತಂದಿದ್ದರು.